ಕುಡಿತ ರಕ್ತದಲ್ಲೇ ಬರುತ್ತಾ? ಇಲಿಗಳ ಮೇಲೆ ಮಾಡೋ ಸಂಶೋಧನೆ ನಮ್ಮಂಥ ಮನೆಗೆ ಏನು ಹೇಳುತ್ತೆ?

ಪ್ರಶ್ನೆ: ಕೊಪ್ಪರಿಗೆ, ಪಾಂಡವಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕೇಳೋದೋ ಬೇಡವೋ ಅಂತ ಹದಿನೈದು ದಿನದಿಂದ ಒದ್ದಾಡಿ ಇವತ್ತು ಬರೀತಿದ್ದೀನಿ.

ನಮ್ಮದು ಎರಡೂವರೆ ಎಕರೆ ಕಬ್ಬು, ಜೊತೆಗೆ ಒಂದು ಸಣ್ಣ ಆಲೆಮನೆ. ತಾತ ಸಾರಾಯಿ ಕುಡೀತಿದ್ದರು, ಅಪ್ಪನೂ ಕುಡೀತಿದ್ದರು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಮ್ಮವ್ವ ಮಾರಮ್ಮನ ಗುಡಿಗೆ ತಂಬಿಟ್ಟಿನ ಆರತಿ ತಗೊಂಡು ಹೋದಳು, ಇನ್ನಾದರೂ ಮನೆ ಉಳೀತು ಅಂತ. ಒಂದು ವಾರ ಅಷ್ಟೇ, ಅಪ್ಪ ಬಾರಿನ ಕ್ವಾರ್ಟರಿಗೆ ತಿರುಗಿಕೊಂಡರು. ದುಡ್ಡು ಮೊದಲಿಗಿಂತ ಜಾಸ್ತಿ ಹೋಯ್ತು, ಕುಡಿತ ಕಮ್ಮಿ ಆಗಲಿಲ್ಲ. ಐವತ್ತೆರಡಕ್ಕೆ ಹೋಗಿಬಿಟ್ಟರು. ಕೊನೆಗೆ ಕಣ್ಣು ಅರಿಶಿನ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಿಂದಿಗೆ.

ಈಗ ನನ್ನ ತಮ್ಮ. ಮೂವತ್ತನಾಲ್ಕು ವರ್ಷ. ಪಾಕ ನೋಡೋದರಲ್ಲಿ ನಮ್ಮ ಕಡೆ ಅವನಂಥವರಿಲ್ಲ, ನೊರೆ ಏಳೋದನ್ನ ನೋಡೇ 'ಇಳಿಸ್ರಲಾ' ಅಂತಾನೆ, ಬೆಲ್ಲ ಹೊಂಬಣ್ಣಕ್ಕೆ ಬರುತ್ತೆ. ಅಂಥವನಿಗೆ ಈಗ ಬೆಳಗ್ಗೆ ಎದ್ದರೆ ಕೈ ನಡುಗುತ್ತೆ. ಒಂದು ನೈಂಟಿ ಬೀಳೋವರೆಗೂ ಕಾಫಿ ಲೋಟ ಹಿಡಿಯೋಕಾಗಲ್ಲ.

ನಾನು ಕುಡಿಯಲ್ಲ. ಒಳ್ಳೆಯವನು ಅಂತ ಹೇಳ್ಕೊಳ್ತಿಲ್ಲ. ಹತ್ತೊಂಬತ್ತನೇ ವಯಸ್ಸಲ್ಲಿ ಶ್ರೀರಂಗಪಟ್ಟಣದ ಹೊಳೆ ದಂಡೇಲಿ ಗೆಳೆಯರ ಜೊತೆ ಕುಡಿದೆ, ಎರಡು ಗುಟುಕಿಗೇ ತಲೆ ಸುತ್ತಿ ವಾಂತಿ. ಮತ್ತೆ ಬೇಕು ಅನ್ನಿಸಲೇ ಇಲ್ಲ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿ, ಒಂದೇ ತಟ್ಟೇಲಿ ಉಂಡು, ಅವನು ಹಾಗೆ ನಾನು ಹೀಗೆ ಯಾಕೆ ಅನ್ನೋದು ನನಗೆ ಇವತ್ತಿಗೂ ತಿಳೀದು.

ಹೋದ ತಿಂಗಳು ತಂಗಿಗೆ ಕೆ.ಆರ್. ಪೇಟೆ ಕಡೆಯಿಂದ ಗಂಡು ನೋಡಿ ಹೋದರು. ಒಪ್ಪಿಗೆ ಅಂದಿದ್ದರು. ಆಮೇಲೆ ಊರಲ್ಲಿ ವಿಚಾರಿಸಿ ಹೇಳಿಕಳಿಸಿದರು: 'ಕುಡುಕರ ವಂಶ, ರಕ್ತದಲ್ಲೇ ಅದೆ. ನಾಳೆ ಮಕ್ಳಿಗೂ ಬತ್ತದೆ.' ತಂಗಿ ಬಿ.ಎಸ್ಸಿ. ಓದಿದವಳು. ಎರಡು ದಿನ ರೂಮಿಂದ ಆಚೆ ಬರಲಿಲ್ಲ. ಮೂರನೇ ದಿನ ಫೋನ್ ತಂದು ನನ್ನ ಮುಂದೆ ಹಿಡಿದಳು. ಅಮೆರಿಕದಲ್ಲಿ ಇಲಿಗಳ ಜೀನ್ ನೋಡಿ ಚಟ ಹೇಗೆ ಬರುತ್ತೆ ಅಂತ ಕಂಡುಹಿಡೀತಾರಂತೆ. 'ನೋಡಣ್ಣ, ಅವರು ಹೇಳಿದ್ದೇ ನಿಜ, ಇಲಿಗೂ ವಂಶದಲ್ಲೇ ಬತ್ತದಂತೆ' ಅಂದು ಅತ್ತಳು.

ತಿಳಿದವರು ಹೇಳಿ. ಇಲಿ ನಿಜವಾಗಿ ಕುಡಿಯುತ್ತಾ? ಇದು ಬಿ.ಪಿ., ಶುಗರ್ ಥರ ವಂಶದ ಕಾಯಿಲೆನಾ? ರಕ್ತ ಕೊಟ್ಟು ಮುಂಚೇನೇ ಗೊತ್ತುಮಾಡ್ಕೊಳ್ಳೋ ಟೆಸ್ಟ್ ಇದೆಯಾ? ನನ್ನ ಮಗ ಆರನೇ ಕ್ಲಾಸು. ಅವನ ಮುಖ ನೋಡಿದಾಗೆಲ್ಲ ಇದೇ ಯೋಚನೆ.

ಉತ್ತರ 1: ಫಾರ್ಮಕಾಲಜಿ ಟೀಚರ್, ಮೈಸೂರು

ಮೊದಲ ಮಾತು ನಿಮ್ಮ ತಂಗಿಗೆ. ನೋಡಮ್ಮ, ಆ ಇಲಿಗಳು ಹೇಳ್ತಿರೋದು ಗಂಡಿನ ಕಡೆಯವರು ಹೇಳಿದ್ದನ್ನಲ್ಲ. ಯಾಕೆ ಅಂತ ನಿಧಾನವಾಗಿ ಬರೀತೀನಿ, ಅಣ್ಣನ ಜೊತೆ ಕೂತು ಓದು.

ನಾನು ಮದ್ದೂರು ಕಡೆಯವಳು. ಇಪ್ಪತ್ತು ವರ್ಷದ ಹಿಂದೆ ಮೈಸೂರಲ್ಲಿ ಎಂ.ಫಾರ್ಮ್ ಓದುವಾಗ ಕಿರುನೆಲ್ಲಿ ಲಿವರನ್ನ ಎಷ್ಟರಮಟ್ಟಿಗೆ ಕಾಯುತ್ತೆ ಅಂತ ನೋಡೋ ಪ್ರಾಜೆಕ್ಟ್ ನನ್ನದು. 24 ವಿಸ್ಟಾರ್ ಇಲಿ. ಬಿಳೀ ಮೈ, ಕೆಂಪು ಕಣ್ಣು, ಒಂದೊಂದೂ ಇನ್ನೂರೈವತ್ತು ಗ್ರಾಂ ಆಸುಪಾಸು. ಪಂಜರಕ್ಕೆ ಭತ್ತದ ಹೊಟ್ಟು ಹಾಸೋದು, ಗುರುತಿಗೆ ಪಿಕ್ರಿಕ್ ಆಸಿಡ್ಡಿನ ಹಳದಿ ಬಣ್ಣ ಹಚ್ಚೋದು. ಒಂದಕ್ಕೆ ತಲೆ ಮೇಲೆ, ಒಂದಕ್ಕೆ ಬೆನ್ನ ಮೇಲೆ, ಒಂದಕ್ಕೆ ಬಾಲದ ಬುಡಕ್ಕೆ. ಹಾಗಾಗಿ ಅವುಗಳ ಹೆಸರೇ 'ತಲೆ', 'ಬೆನ್ನು', 'ಬಾಲ'.

ಮದ್ಯವನ್ನ ಬಾಯಿಗೆ ಟ್ಯೂಬ್ ಇಟ್ಟು ಕೊಡೋ ಮುಂಚೆ ಎರಡು ವಾರ ಅವು ತಾವಾಗೇ ಎಷ್ಟು ಕುಡೀತವೆ ನೋಡು ಅಂತ ನನ್ನ ಗೈಡ್ ಹೇಳಿದರು. ಒಂದೊಂದನ್ನೂ ಬೇರೆ ಬೇರೆ ಪಂಜರದಲ್ಲಿ ಬಿಟ್ಟು, ಪಂಜರಕ್ಕೆ ಎರಡೆರಡು ಬಾಟಲಿ ಸಿಕ್ಕಿಸೋದು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ನೂರಕ್ಕೆ ಹತ್ತರಷ್ಟು ಮದ್ಯ ಬೆರೆಸಿದ ನೀರು. ಇಲಿ ಎಚ್ಚರವಾಗಿರೋದು ರಾತ್ರಿ, ಕುಡಿಯೋದೂ ರಾತ್ರೀನೇ. ಬೆಳಗ್ಗೆ ಹತ್ತಕ್ಕೆ ಬಾಟಲಿ ಬಿಚ್ಚಿ ತೂಕ ಮಾಡಿ ಬರೆದುಕೊಂಡು, ಎಡದ್ದನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಬದಲಾಯಿಸಬೇಕು. ಇಲ್ಲದಿದ್ದರೆ ಇಲಿ ರುಚಿಗೆ ಕುಡೀತೋ, ಆ ಮೂಲೆ ಅಭ್ಯಾಸವಾಗಿ ಕುಡೀತೋ ಗೊತ್ತಾಗಲ್ಲ.

ಮೊದಲ ವಾರ ಒಂದು 'ಬಾಲ' ಎಲ್ಲಕ್ಕಿಂತ ದೊಡ್ಡ ಕುಡುಕ ಅಂತ ಬರೆದುಕೊಂಡಿದ್ದೆ. ದಿನಕ್ಕೆ ಮೂವತ್ತು ಎಂ.ಎಲ್.! ಎಂಟನೇ ದಿನ ಹೊಟ್ಟು ಬದಲಾಯಿಸೋಕೆ ಕೈ ಹಾಕಿದರೆ ಒಂದು ಮೂಲೆ ಪೂರ್ತಿ ಒದ್ದೆ. ನಳಿಗೆಯೊಳಗಿನ ಗುಂಡು ಸರಿಯಾಗಿ ಕೂರ್ತಿರಲಿಲ್ಲ, ಮದ್ಯ ಸೋರ್ತಿತ್ತು. ಆ ಇಲಿ ಕುಡಿದೇ ಇರಲಿಲ್ಲ ಅನ್ನಬಹುದು. ಆಮೇಲಿಂದ ಇಲಿಯೇ ಇಲ್ಲದ ಖಾಲಿ ಪಂಜರಕ್ಕೂ ಒಂದು ಬಾಟಲಿ ಸಿಕ್ಕಿಸಿ, ಅದರಿಂದ ಸೋರಿದಷ್ಟನ್ನ ಎಲ್ಲದರಲ್ಲೂ ಕಳೆದು ಲೆಕ್ಕ ಬರೆದೆ. ಒಬ್ಬರನ್ನ ನೋಡಿ 'ಇದು ರಕ್ತದ್ದು' ಅಂತ ಹೇಳಿಬಿಡೋದು ಎಷ್ಟು ಸುಲಭ, ಎಷ್ಟು ತಪ್ಪು ಅಂತ ನನಗೆ ಮೊದಲು ಗೊತ್ತಾಗಿದ್ದು ಆ ಒದ್ದೆ ಹೊಟ್ಟಿನಿಂದ.

ಸರಿಯಾಗಿ ಅಳೆದ ಮೇಲೂ ಒಂದು ವಿಷಯ ಹಾಗೇ ಉಳೀತು. ಒಂದೇ ರೂಮು, ಒಂದೇ ಚೀಲದ ಆಹಾರ, ಹನ್ನೆರಡು ಗಂಟೆ ಬೆಳಕು ಹನ್ನೆರಡು ಗಂಟೆ ಕತ್ತಲೆ ಎಲ್ಲಕ್ಕೂ ಒಂದೇ. ಆದರೂ ಒಂದು 'ತಲೆ' ದಿನಾ ಹದಿನೈದು ಎಂ.ಎಲ್. ಕುಡೀತಿತ್ತು, ಪಕ್ಕದ 'ಬೆನ್ನು' ಎರಡು ಎಂ.ಎಲ್. ದಾಟುತ್ತಿರಲಿಲ್ಲ. ಅದು ನಳಿಗೆಗೆ ಮೂಗು ತಾಗಿಸಿ, ತಲೆ ಕೊಡವಿ, ನೀರಿನ ಬಾಟಲಿಗೆ ಹೋಗೋದು. ಶ್ರೀರಂಗಪಟ್ಟಣದ ದಂಡೇಲಿ ವಾಂತಿ ಮಾಡಿಕೊಂಡ ನೀವು, ಮನೇಲಿರೋ ನಿಮ್ಮ ತಮ್ಮ. ಅದನ್ನ ಓದಿದಾಗ ನನಗೆ ಥಟ್ಟನೆ ನೆನಪಾಗಿದ್ದು ಈ ಎರಡು ಇಲಿ.

ಈ ವ್ಯತ್ಯಾಸ ಮೈಯಲ್ಲೇ ಇದೆಯಾ ಅಂತ ಪರೀಕ್ಷೆ ಮಾಡಿದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು. ಹೆಚ್ಚು ಕುಡಿಯೋ ಇಲಿಗೆ ಹೆಚ್ಚು ಕುಡಿಯೋದನ್ನೇ ಜೋಡಿ ಮಾಡಿದರು, ಮುಟ್ಟದ್ದಕ್ಕೆ ಮುಟ್ಟದ್ದನ್ನೇ. ತಲೆಮಾರು ಕಳೆದ ಹಾಗೆ ಎರಡು ತಳಿ ಬೇರೆಯಾದವು. ಒಂದು, ತನ್ನ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಮದ್ಯ ಕುಡಿಯೋದು. ಇನ್ನೊಂದು, 1 ಗ್ರಾಂ ಕೂಡ ಮುಟ್ಟದ್ದು. ಹಾಗಾಗಿ ವಂಶದ ಪಾತ್ರ ಇರೋದು ನಿಜ, ಅದನ್ನ ಮುಚ್ಚಿಡಲ್ಲ. 2013ರಲ್ಲಿ ಆ ಕುಡುಕ ತಳಿಯಲ್ಲಿ ಒಂದು ಜೀನೇ ಅರ್ಧಕ್ಕೆ ನಿಂತಿರೋದು ಸಿಕ್ಕಿತು. ಜಿ.ಆರ್.ಎಂ. 2 ಅಂತ ಅದರ ಹೆಸರು. ಮಿದುಳಲ್ಲಿ ಗ್ಲುಟಮೇಟ್ ಅನ್ನೋ ರಾಸಾಯನಿಕ ಮಿತಿ ಮೀರದ ಹಾಗೆ ಬ್ರೇಕ್ ಹಾಕೋ ಒಂದು ಗ್ರಾಹಕವನ್ನ, ಅಂದರೆ ಆ ರಾಸಾಯನಿಕದ ಸುದ್ದಿ ಹಿಡಿಯೋ ರಿಸೆಪ್ಟರನ್ನ, ಕಟ್ಟೋ ಜೀನ್ ಅದು. ಆ ಇಲಿಗಳಲ್ಲಿ ಬ್ರೇಕೇ ತಯಾರಾಗ್ತಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಗಂಡಿನ ಕಡೆಯವರ ಮಾತೇ ಗೆದ್ದ ಹಾಗೆ ಕಾಣುತ್ತೆ. ಆದರೆ ಅದು ಮನುಷ್ಯರು ಬೇಕು ಬೇಕು ಅಂತ ಆರಿಸಿ ಆರಿಸಿ ಮಾಡಿದ ತಳಿ. ಊರಲ್ಲಿ ಯಾರ ಮನೆಯ ಸಂಬಂಧವೂ ಹಾಗೆ ಆಗಿರಲ್ಲ. ಅದಕ್ಕೇ ಈಗಿನವರು ಬೇರೆ ದಾರಿ ಹಿಡಿದಿದ್ದಾರೆ. ನಿಮ್ಮ ತಂಗಿ ಫೋನಲ್ಲಿ ನೋಡಿರೋದೂ ಬಹುಶಃ ಇದನ್ನೇ.

ನಿಮಗೆ ಇಂಡಾಫ್ ರಾಗಿ ಗೊತ್ತಿರುತ್ತೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನ ಆಫ್ರಿಕಾದ ರಾಗಿ ಜೊತೆ ಕೂಡಿಸಿ ಮಾಡಿದ್ದು. ತೆನೆ ಗಾತ್ರ ಒಂದು ಕಡೆಯಿಂದ, ಇನ್ನೊಂದು ಗುಣ ಮತ್ತೊಂದು ಕಡೆಯಿಂದ. ಅದೇ ಥರ 1984ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಎಂಟು ಶುದ್ಧ ತಳಿಯ ಇಲಿಗಳನ್ನ ಒಂದಕ್ಕೊಂದು ಕೂಡಿಸಿದರು. ಆದರೆ ಲಕ್ಷ್ಮಣಯ್ಯನವರ ಹಾಗೆ ಒಳ್ಳೇದನ್ನ ಆರಿಸಲಿಲ್ಲ. ದಾಯಾದಿಗಳು ಜೋಡಿಯಾಗದ ಹಾಗೆ ನೋಡಿಕೊಂಡು, ಬೆರೆಯೋಕೆ ಬಿಟ್ಟರು. ಇವತ್ತಿಗೆ ಹತ್ತಾರು ತಲೆಮಾರು ಕಳೆದಿವೆ. ಈಗಿನ ಒಂದೊಂದು ಇಲಿಯ ವರ್ಣತಂತುವೂ (ಜೀನುಗಳು ಸಾಲಾಗಿ ಕೂತಿರೋ ಎಳೆ) ಒಂದು ಕೌದಿ ಇದ್ದ ಹಾಗೆ. ಎಂಟು ಹಳೇ ಸೀರೆಯ ತುಂಡು, ಒಂದರ ಪಕ್ಕ ಒಂದು. ತಲೆಮಾರು ಕಳೆದಷ್ಟೂ ತುಂಡು ಚಿಕ್ಕದಾಗುತ್ತೆ. ಎರಡು ಇಲಿ ಒಂದೇ ಥರ ಇರಲ್ಲ, ನಮ್ಮ ಊರಿನ ಜನರ ಹಾಗೆ.

ಇಂಥ ಸಾವಿರಾರು ಇಲಿಗಳನ್ನ ಒಂದೊಂದಾಗಿ ಅಳೀತಾರೆ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಏಬ್ರಹಾಂ ಪಾಮರ್ ಅವರ ತಂಡ ಜೀನ್ ಕಡೆಯದ್ದನ್ನ ನೋಡಿಕೊಳ್ಳುತ್ತೆ, ಒಲಿವಿಯೇ ಜಾರ್ಜ್ ಅವರ ತಂಡ ಕೊಕೇನ್ ಮತ್ತು ಆಕ್ಸಿಕೊಡೋನ್ ಅನ್ನೋ ನೋವಿನ ಮದ್ದಿನ ಕಡೆಯದ್ದನ್ನ. ಇಲಿ ಒಂದು ಸನ್ನೆಕೋಲು ಒತ್ತಿದರೆ ಸಣ್ಣ ಕೊಳವೆಯಿಂದ ಮದ್ದು ರಕ್ತಕ್ಕೆ ಹೋಗುತ್ತೆ. ದಿನಕ್ಕೆ ಒಂದೆರಡು ಗಂಟೆ ಅವಕಾಶ ಕೊಟ್ಟರೆ ಇಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಗೊಳ್ಳುತ್ತೆ. ಆರು ಗಂಟೆ ಕೊಟ್ಟರೆ ದಿನದಿಂದ ದಿನಕ್ಕೆ ಏರಿಸುತ್ತಾ ಹೋಗುತ್ತೆ. ಇದನ್ನ 1998ರಲ್ಲೇ ಅಹ್ಮದ್ ಮತ್ತು ಕೂಬ್ ತೋರಿಸಿದ್ದರು. ಎಷ್ಟು ಏರಿಸುತ್ತೆ ಅನ್ನೋದು ಇಲಿಯಿಂದ ಇಲಿಗೆ ಬೇರೆ. ಆಮೇಲೆ ಹೆಚ್ಚು ಏರಿಸಿದ ಇಲಿಗಳ ಕೌದಿಯಲ್ಲಿ ಯಾವ ತುಂಡು ಮತ್ತೆ ಮತ್ತೆ ಕಾಣುತ್ತೆ ಅಂತ ಹುಡುಕೋದು. ಮಿದುಳು, ರಕ್ತ ಎಲ್ಲವನ್ನೂ ಕಾಪಿಟ್ಟು ಬೇರೆ ಸಂಶೋಧಕರಿಗೂ ಕೊಡ್ತಾರೆ.

ಇದನ್ನ ಮನುಷ್ಯರಲ್ಲೇ ಮಾಡಬಾರದಾ ಅಂದರೆ, ಮಾಡಿದ್ದಾರೆ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸುಮಾರು 12 ಲಕ್ಷ ಜನರ ಜೀನ್ ನೋಡಿ, ಬೀಡಿ-ಸಿಗರೇಟು ಮತ್ತು ಮದ್ಯಕ್ಕೆ ಸಂಬಂಧಪಟ್ಟ 566 ವ್ಯತ್ಯಾಸ ಗುರುತಿಸಿದರು. ಒಂದಲ್ಲ, ಎರಡಲ್ಲ, 566! ಒಂದೊಂದರ ಪಾಲೂ ಸಾಸಿವೆಯಷ್ಟು. ಅಷ್ಟು ಜನ ಬೇಕಾಗೋದು ಯಾಕೆಂದರೆ ಒಬ್ಬನ ಮನೆ ಪಕ್ಕ ಬಾರ್ ಇರುತ್ತೆ, ಒಬ್ಬನಿಗೆ ಸಾಲ ಇರುತ್ತೆ, ಒಬ್ಬನನ್ನ ಹದಿನಾರಕ್ಕೇ ಗೆಳೆಯರು ಕರ್ಕೊಂಡು ಹೋಗಿರ್ತಾರೆ. ಜೀನಿನ ಸಣ್ಣ ದನಿ ಆ ಗದ್ದಲದಲ್ಲಿ ಕೇಳಲ್ಲ. ಇಲಿಯ ವಿಷಯದಲ್ಲಿ ಗದ್ದಲ ಎಲ್ಲಕ್ಕೂ ಒಂದೇ, ಹಾಗಾಗಿ ಕೆಲವೇ ಸಾವಿರದಲ್ಲಿ ಕೆಲಸ ಆಗುತ್ತೆ. 2020ರಲ್ಲಿ ಇದೇ ಎಂಟು ತಳಿಯ ಮೂಲದ 3,173 ಇಲಿಗಳಲ್ಲಿ ತೂಕ, ಕೊಬ್ಬು, ಬರಿಹೊಟ್ಟೆ ಸಕ್ಕರೆ ಮೂರನ್ನೂ ನೋಡಿದ್ದರು. ನೀವು ಬಿ.ಪಿ., ಶುಗರ್ ಅಂದಿದ್ದಕ್ಕೆ ಇದನ್ನ ಹೇಳಿದೆ. ಬಿ.ಪಿ.ಗೆ ಕ್ಯೋಟೋದಲ್ಲಿ 1963ರಿಂದ ಒಂದು ತಳಿ ಇದೆ, ಬೊಜ್ಜಿಗೆ ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯಲ್ಲೇ ಒಂದು ತಳಿ ಇದೆ. ಇಲಿಯ ಜೀನ್ ನಮಗೆ ಹೊಂದುತ್ತಾ ಅನ್ನೋ ಅನುಮಾನ ಸಹಜ. 2004ರಲ್ಲಿ ಇಲಿಯ ಜೀನೋಮ್, ಅಂದರೆ ಅದರ ಜೀನುಗಳ ಒಟ್ಟು ಬರಹ, ಓದಿದಾಗ ಮನುಷ್ಯನ ಕಾಯಿಲೆಗೆ ಸಂಬಂಧಪಟ್ಟ ಜೀನುಗಳಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಇಲಿಯಲ್ಲಿ ಜೋಡಿ ಸಿಕ್ಕಿತು.

ಈಗ ನಿಮ್ಮ ಮನೆ ವಿಷಯಕ್ಕೆ ಬರ್ತೀನಿ. 2004ರಲ್ಲೇ ಫ್ರಾನ್ಸಿನಲ್ಲಿ ಪಿಯಾಟ್ಸಾ ಅವರ ತಂಡ ಇಲಿಗಳಿಗೆ ಸುಮಾರು ಮೂರು ತಿಂಗಳು ಕೊಕೇನ್ ಸಿಗೋ ಹಾಗೆ ಬಿಟ್ಟಿತು. ಆಮೇಲೆ ಮೂರು ವಿಷಯ ನೋಡಿದರು: ಸಿಗಲ್ಲ ಅಂತ ಗೊತ್ತಿದ್ದರೂ ಒತ್ತುತ್ತಲೇ ಇರುತ್ತಾ, ಅದಕ್ಕಾಗಿ ಎಷ್ಟು ಕಷ್ಟಪಡುತ್ತೆ, ಕಾಲಿಗೆ ಶಾಕ್ ಹೊಡೆದರೂ ಬಿಡಲ್ವಾ. ಎಲ್ಲವೂ ಮದ್ದು ತಗೊಂಡಿದ್ದವು, ಮೂರೂ ಲಕ್ಷಣ ತೋರಿಸಿದ್ದು ನೂರಕ್ಕೆ 17 ಮಾತ್ರ. ಮನುಷ್ಯರಲ್ಲಿ ಇನ್ನೊಂದು ಲೆಕ್ಕ ಇದೆ. 1973ರಲ್ಲಿ ಡೊನಾಲ್ಡ್ ಗುಡ್‌ವಿನ್ ಅನ್ನೋರು ಡೆನ್ಮಾರ್ಕಿನಲ್ಲಿ, ಕುಡುಕರಿಗೆ ಹುಟ್ಟಿ ಹಸುಗೂಸಲ್ಲೇ ದತ್ತು ಹೋದ 55 ಗಂಡುಮಕ್ಕಳನ್ನ ಹುಡುಕಿ ನೋಡಿದರು. ಅವರಲ್ಲಿ ಕುಡಿತದ ಕಾಯಿಲೆ ಬಂದದ್ದು ನೂರಕ್ಕೆ 18. ಬೇರೆ ದತ್ತು ಮಕ್ಕಳಲ್ಲಿ ನೂರಕ್ಕೆ 5. ಅಪಾಯ ಮೂರು ಪಟ್ಟಿಗಿಂತ ಹೆಚ್ಚು, ನಿಜ. ಅದೇ ಲೆಕ್ಕವನ್ನ ಈ ಕಡೆಯಿಂದ ಓದಿ ನೋಡಿ: ಕುಡುಕರಿಗೇ ಹುಟ್ಟಿದವರಲ್ಲಿ ನೂರಕ್ಕೆ 82 ಮಂದಿಗೆ ಅದು ಬರಲಿಲ್ಲ. ಗಂಡಿನ ಕಡೆಯವರು 'ಬತ್ತದೆ' ಅಂದರಲ್ಲ, ಆ ಮಾತಿಗೆ ಯಾವ ಇಲಿಯೂ ಸಾಕ್ಷಿ ಹೇಳಲ್ಲ.

ಟೆಸ್ಟ್ ಇಲ್ಲ. ಯಾರಾದರೂ ಎಂಜಲು ತಗೊಂಡು ರಿಪೋರ್ಟ್ ಕೊಡ್ತೀವಿ ಅಂದರೆ ದುಡ್ಡು ಕೊಡಬೇಡಿ. 566ರಲ್ಲಿ ನಿಮ್ಮ ಮಗನಿಗೆ ಯಾವುದೆಷ್ಟು ಬಂದಿದೆ ಅಂತ ಓದಿದರೂ ಅವನು ಮುಂದೆ ಏನಾಗ್ತಾನೆ ಅಂತ ಅದರಿಂದ ಹೇಳೋಕಾಗಲ್ಲ. ಮಗನ ಹತ್ತಿರ ತಾತನ ವಿಷಯ ಮುಚ್ಚಿಡಬೇಡಿ ಅಷ್ಟೇ. 'ನಮ್ಮ ಮನೆಯವರ ಮೈಗೆ ಇದು ಬೇಗ ಹತ್ತುತ್ತೆ ಕಣಪ್ಪ, ನೀನು ಶುರುವೇ ಮಾಡಬೇಡ' ಅಂತ ಹೇಳಿ. ಶುಗರ್ ಇರೋ ಮನೆಯವರು ಮಕ್ಕಳಿಗೆ ಹೇಳಲ್ವಾ, ಹಾಗೆ.

ಉತ್ತರ 2: ಒಂಟಿಕೊಪ್ಪಲಿನವನು

ಟೀಚರಮ್ಮ, ತುಂಬ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ಸಂಕಟ. ಒಂಟಿ ಪಂಜರದಲ್ಲಿ ಕೂಡಿಹಾಕಿ, ಬೇರೇನೂ ಮಾಡೋಕಿಲ್ಲದ ಜೀವದ ಮುಂದೆ ಮದ್ದು ಇಟ್ಟರೆ ಅದು ತಗೊಳ್ಳದೆ ಇನ್ನೇನು ಮಾಡುತ್ತೆ? ಕೆನಡಾದಲ್ಲಿ ಬ್ರೂಸ್ ಅಲೆಗ್ಸಾಂಡರ್ ಅನ್ನೋರು 1970ರ ದಶಕದ ಕೊನೇಲೇ ಇಲಿಗಳಿಗೆ ವಿಶಾಲವಾದ ಜಾಗ, ಆಟ, ಜೊತೆಗಾರರನ್ನ ಕೊಟ್ಟು, ಅವು ಮಾರ್ಫಿನ್ ನೀರನ್ನ ಕಮ್ಮಿ ಕುಡಿದವು ಅಂತ ತೋರಿಸಿದ್ದರಲ್ಲ. ನಾನು ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಕೆಲಸ ಮಾಡಿದವನು. ರಾತ್ರಿ ಪಾಳಿ, ಹೆಂಡತಿ ಮಕ್ಕಳು ಊರಲ್ಲಿ, ಇವನೊಬ್ಬನೇ ರೂಮಲ್ಲಿ. ಅಂಥವರೇ ಕುಡಿತಕ್ಕೆ ಬಿದ್ದದ್ದನ್ನ ಕಣ್ಣಾರೆ ಕಂಡಿದ್ದೀನಿ. ಜೀನ್ ಹುಡುಕೋದರಲ್ಲಿ ಆ ಒಂಟಿತನ ಮರೆತುಹೋಗಬಾರದು. ಇಲಿಗಳ ಪಾಡೂ ಮರೆಯಬಾರದು.

ಉತ್ತರ 3: ಫಾರ್ಮಕಾಲಜಿ ಟೀಚರ್, ಮೈಸೂರು

ಸರ್, ನೀವು ಹೇಳಿದ್ದು ನನ್ನ ಮನಸ್ಸಲ್ಲೂ ಇದೆ. ಪ್ರಯೋಗ ಮುಗಿದ ಮೇಲೆ ಆ 24 ಇಲಿಗಳನ್ನ ಕೊಂದದ್ದು, ಲಿವರ್ ತೆಗೆದು ತೂಕ ಮಾಡಿದ್ದು ನಾನೇ. ಇವತ್ತು ನಮ್ಮಲ್ಲಿ ಪ್ರಾಣಿ ಹಿಂಸೆ ತಡೆಯೋ 1960ರ ಕಾಯ್ದೆ ಕೆಳಗೆ ಸಮಿತಿ ಇದೆ, ಎಷ್ಟು ಪ್ರಾಣಿ, ಯಾಕೆ, ನೋವು ಹೇಗೆ ಕಮ್ಮಿ ಮಾಡ್ತೀರಿ ಅಂತ ಕೇಳದೆ ಅನುಮತಿ ಕೊಡಲ್ಲ. ನನ್ನ ವಿದ್ಯಾರ್ಥಿಗಳು 30 ಇಲಿ ಅಂತ ಬರೆದು ತಂದರೆ, 18ರಲ್ಲಿ ಆಗಲ್ವಾ ಅಂತ ನಾನೇ ವಾಪಸ್ ಕಳಿಸ್ತೀನಿ.

ಒಂಟಿತನದ ಮಾತು ಈಗ ಇನ್ನೂ ಗಟ್ಟಿಯಾಗಿದೆ. 2018ರಲ್ಲಿ ಅಮೆರಿಕದಲ್ಲಿ ವೆನ್ನಿರೋ ಮತ್ತು ಶಾಹಮ್ ಅವರ ತಂಡ, ಮೆತಾಂಫೆಟಮಿನ್ ಮತ್ತು ಹೆರಾಯಿನ್ ಅನ್ನೋ ಮಾದಕ ಮದ್ದು ಅಭ್ಯಾಸವಾದ ಇಲಿಗಳ ಮುಂದೆ ಎರಡು ಸನ್ನೆಕೋಲು ಇಟ್ಟಿತು. ಒಂದನ್ನ ಒತ್ತಿದರೆ ಮದ್ದು, ಇನ್ನೊಂದನ್ನ ಒತ್ತಿದರೆ ಬಾಗಿಲು ತೆರೆದು ಪಕ್ಕದಲ್ಲಿ ಇನ್ನೊಂದು ಇಲಿ. ಹೆಚ್ಚುಕಮ್ಮಿ ಎಲ್ಲವೂ ಬಾಗಿಲನ್ನೇ ಒತ್ತಿದವು, ಚಟದ ಲಕ್ಷಣ ಜೋರಾಗಿದ್ದವೂ ಸೇರಿ. ಜೊತೆಗಾರ ಬರೋದು ತಡವಾಗೋ ಹಾಗೆ ಮಾಡಿದಾಗ ಮದ್ದಿನ ಕಡೆ ವಾಲಿದವು. ಕೊಪ್ಪರಿಗೆಯವರೇ, ಆ ಬಾಗಿಲಿನ ಆಚೆ ಇರೋರು ನೀವು. ತಮ್ಮನ ಜೊತೆ ಮಾತು ಬಿಟ್ಟಿದ್ದರೆ ಮೊದಲು ಅದನ್ನ ಶುರುಮಾಡಿ.

ಇಲಿಗಳಿಂದ ಬಂದ ಒಂದು ಮಾತ್ರೆಯ ವಿಷಯವನ್ನೂ ಹೇಳ್ತೀನಿ. 1980ರ ದಶಕದಲ್ಲಿ ಜೋಸೆಫ್ ವೊಲ್ಪಿಚೆಲ್ಲಿ ಅನ್ನೋ ಸಂಶೋಧಕರು ಒಂದು ಗಮನಿಸಿದರು. ಇಲಿಗೆ ಶಾಕ್ ಕೊಟ್ಟಾಗ ಅಲ್ಲ, ಕೊಡೋದು ನಿಂತ ಮೇಲೆ ಅದು ಮದ್ಯ ಹೆಚ್ಚು ಕುಡಿಯುತ್ತೆ. ನ್ಯಾಲ್ಟ್ರೆಕ್ಸೋನ್ ಅನ್ನೋ ಮದ್ದು ಕೊಟ್ಟರೆ ಆ ಹೆಚ್ಚಳ ಇಲ್ಲ. ಕಷ್ಟ ಮುಗಿದ ಸಂಜೆಯ ಕುಡಿತ! ಕಬ್ಬು ಅರೆದು, ಒಲೆ ಆರಿಸಿ ಬಂದವನಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅದನ್ನೇ 70 ಮಾಜಿ ಸೈನಿಕರಿಗೆ ಕೊಟ್ಟು ನೋಡಿ 1992ರಲ್ಲಿ ಪ್ರಕಟಿಸಿದರು, 1994ರಲ್ಲಿ ಅಮೆರಿಕದಲ್ಲಿ ಕುಡಿತದ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಇವತ್ತು ನಮ್ಮ ಕಡೆಯ ಡಾಕ್ಟರುಗಳೂ ಬರೀತಾರೆ.

ಉತ್ತರ 4: ವಾರ್ಡ್ ಸಿಸ್ಟರ್, ಮಂಡ್ಯ

ಜೀನ್ ವಿಷಯ ಟೀಚರ್ ಹೇಳಿದ್ದಾರೆ, ನಾನು ವಾರ್ಡಿನ ಎರಡು ಮಾತು ಹೇಳ್ತೀನಿ ಅಣ್ಣ. ಅರ್ಜೆಂಟಾಗಿ ಓದಿ.

ನಿಮ್ಮ ತಮ್ಮನಿಗೆ ಬೆಳಗ್ಗೆ ಕೈ ನಡುಗುತ್ತೆ ಅಂದಿರಲ್ಲ, ಅದು ಮೈ ಮದ್ಯಕ್ಕೆ ಒಗ್ಗಿಹೋಗಿದೆ ಅನ್ನೋ ಗುರುತು. ಈ ಪೋಸ್ಟ್ ಓದಿದ ಹುಮ್ಮಸ್ಸಲ್ಲಿ ಮನೇಲೇ ಕೂಡಿಹಾಕಿ ಇವತ್ತಿಂದ ಬಂದ್ ಅನ್ನಬೇಡಿ. ನಿಲ್ಲಿಸಿದ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಗೋಡೆ ಮೇಲೆ ಹುಳ ಕಾಣುತ್ತೆ, ಯಾರೋ ಹೊಡೆಯೋಕೆ ಬಂದ ಹಾಗಾಗುತ್ತೆ, ಜ್ವರ, ಬೆವರು. ಪ್ರಾಣಕ್ಕೇ ಕುತ್ತು ಬಂದವರನ್ನ ನೋಡಿದ್ದೀನಿ. ಮನೆಯವರು ದೆವ್ವ ಹಿಡೀತು ಅಂತ ಯಂತ್ರ ಕಟ್ಟಿಸಿಕೊಂಡು ಮೂರು ದಿನ ತಡ ಮಾಡಿ ತಂದಿರ್ತಾರೆ. ಆಸ್ಪತ್ರೇಲಿ ನಡುಕ ಇಳಿಸೋ ಮಾತ್ರೆಯನ್ನ ದಿನಾ ಕಮ್ಮಿ ಮಾಡ್ತಾ ಕೊಡ್ತಾರೆ, ವಿಟಮಿನ್ ಬಿ-1 ಇಂಜೆಕ್ಷನ್ ಹಾಕ್ತಾರೆ. ಸಾಮಾನ್ಯವಾಗಿ ಒಂದು ವಾರದ ಮಾತು.

ಇನ್ನೊಂದು. ಹೇಳದೆ ಕೇಳದೆ ಸಾರಲ್ಲಿ, ಮುದ್ದೇಲಿ ಪುಡಿ ಬೆರೆಸಿಕೊಡೋದು ನಮ್ಮ ಜಿಲ್ಲೇಲಿ ಬೇಕಾದಷ್ಟಿದೆ. ಆ ಪುಡಿಯಲ್ಲಿ ಎಷ್ಟೋ ಸಲ ಇರೋದು ಡೈಸಲ್ಫಿರಾಂ. ಅದು ಮೈಯಲ್ಲಿದ್ದಾಗ ಕುಡಿದರೆ ಮದ್ಯ ಪೂರ್ತಿ ಕರಗದೆ ಅರ್ಧದಲ್ಲೇ ವಿಷವಾಗಿ ನಿಲ್ಲುತ್ತೆ. ಮುಖ ಕೆಂಡ, ಎದೆ ಡವಡವ, ಬಿ.ಪಿ. ಕುಸಿತ. ಗೊತ್ತಿದ್ದು, ಒಪ್ಪಿ, ಡಾಕ್ಟರ್ ಕೈಕೆಳಗೆ ತಗೊಂಡರೆ ಅದು ಔಷಧ. ಕದ್ದು ಕೊಟ್ಟರೆ ಕೊಲೆ ಮಾಡಿದಂಗೆ. ದಯವಿಟ್ಟು ಅವ್ವನಿಗೂ ಹೇಳಿ, ಪಾಪ, ತಾಯಂದಿರೇ ಇದನ್ನ ಹೆಚ್ಚು ಮಾಡೋದು.

ಜಿಲ್ಲಾಸ್ಪತ್ರೆ ಮಾನಸಿಕ ವಿಭಾಗಕ್ಕೆ ಬೆಳಗ್ಗೆಯೇ ಬನ್ನಿ. ಬರೋಕೆ ಹಿಂಜರಿದರೆ ಮೊದಲು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಕೊಪ್ಪರಿಗೆ, ಪಾಂಡವಪುರ ತಾಲ್ಲೂಕು

ಟೀಚರಕ್ಕ, ಸಿಸ್ಟರ್, ಒಂಟಿಕೊಪ್ಪಲಿನ ಸರ್, ಏನು ಹೇಳಲಿ ಗೊತ್ತಾಗ್ತಿಲ್ಲ. ತಂಗಿ ಎಲ್ಲವನ್ನೂ ಜೋರಾಗಿ ಓದಿದಳು, ಅವ್ವನಿಗೂ ಕೇಳಲಿ ಅಂತ. ನೂರಕ್ಕೆ 82 ಅನ್ನೋ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಸಲ ಓದಿದಳು. ಆಮೇಲೆ ಎದ್ದು ಮುಖ ತೊಳಕೊಂಡು ಬಂದು, ಆ ಕೌದಿ ತುಂಡುಗಳನ್ನ ಲೆಕ್ಕ ಹೇಗೆ ಹಾಕ್ತಾರೆ ಅಂತ ಅಕ್ಕನ್ನ ಕೇಳು ಅಂದಳು. ಎಂ.ಎಸ್ಸಿ.ಗೆ ಅರ್ಜಿ ಹಾಕ್ತೀನಿ ಅಂತಿದ್ದಾಳೆ, ಮಾನಸಗಂಗೋತ್ರಿಗೆ. ಮದುವೆ ವಿಷಯ ಸದ್ಯಕ್ಕೆ ಬೇಡ ಅಂದಿದ್ದೀನಿ.

ಸಿಸ್ಟರ್ ಹೇಳಿದ ಪುಡಿ ಮಾತು ಕೇಳಿ ಅವ್ವ ಸುಮ್ಮನೆ ಒಳಗೆ ಹೋಗಿ ಡಬ್ಬದಿಂದ ಒಂದು ಪೊಟ್ಟಣ ತಂದು ನನ್ನ ಕೈಗಿಟ್ಟಳು. ಸಂತೇಲಿ ನಾನೂರು ರೂಪಾಯಿ ಕೊಟ್ಟಿದ್ದಳಂತೆ. ಇನ್ನೂ ಬಿಚ್ಚಿರಲಿಲ್ಲ, ದೇವರು ದೊಡ್ಡವನು.

ನಿನ್ನೆ ಸಂಜೆ ಒಲೆ ಆರಿಸಿದ ಮೇಲೆ ತಮ್ಮನ ಪಕ್ಕ ಕೂತೆ. ಎರಡು ವರ್ಷ ಆಗಿತ್ತು ಹಾಗೆ ಕೂತು. ಇಲಿ ವಿಷಯ ಎಲ್ಲ ಹೇಳಿದೆ, ಆ ಬಾಗಿಲು ಒತ್ತಿದ್ದನ್ನೂ. ತುಂಬ ಹೊತ್ತು ಮಾತಾಡಲಿಲ್ಲ. 'ನಿಂಗೆ ಯಾಕ್ ಹತ್ತಲಿಲ್ಲ, ನಂಗೆ ಯಾಕ್ ಹತ್ತು ಅಂತ ನಾನೂವೆ ಯೋಚ್ನೆ ಮಾಡ್ತಿದ್ದೆ ಕಣಣ್ಣ' ಅಂದ. ಮಂಗಳವಾರ ಮಂಡ್ಯಕ್ಕೆ ಬರ್ತೀನಿ ಅಂದಿದ್ದಾನೆ. ಅವನದೊಂದೇ ಪ್ರಶ್ನೆ, ಸಿಸ್ಟರನ್ನ ಕೇಳು ಅಂದ: ಆ ನಡುಕ ಇಳಿಸೋ ಮಾತ್ರೆ ನುಂಗ್ತಾ ಆಲೆಮನೆ ಕೆಲಸ ಮಾಡಬಹುದಾ? ಕಬ್ಬು ಕಡಿದಾಗಿದೆ, ಪಾಕ ನೋಡೋಕೆ ಬೇರೆ ಯಾರೂ ಇಲ್ಲ.

ವಾರ್ಡ್ ಸಿಸ್ಟರ್, ಮಂಡ್ಯ

ಮೊದಲ ವಾರ ಬೇಡವೇ ಬೇಡ ಅಣ್ಣ. ಮಾತ್ರೆಗೆ ಮಂಪರು ಬರುತ್ತೆ, ಫಿಟ್ಸಿನ ಭಯವೂ ಇರುತ್ತೆ, ಕುದಿಯೋ ಕೊಪ್ಪರಿಗೆ ಹತ್ತಿರ ನಿಲ್ಲಿಸಬಾರದು. ಗಾಣದ ಹತ್ತಿರಾನೂ ಬೇಡ. ಆ ವಾರ ವಾರ್ಡಲ್ಲೇ ಇರಲಿ. ಆಮೇಲೂ ಡಾಕ್ಟರ್ ನೋಡಿ ಸರಿ ಅಂದ ಮೇಲೇನೇ ಹೋಗಲಿ, ಶುರುವಲ್ಲಿ ದೂರ ಕುರ್ಚಿ ಹಾಕಿ ಕೂರಿಸಿ. ನೊರೆ ನೋಡಿ ಅವನು ಹೇಳಲಿ, ಇಳಿಸೋದನ್ನ ನೀವು ಮಾಡಿ. ಮಂಗಳವಾರ ಹಳೇ ಚೀಟಿ ಏನಾದರೂ ಇದ್ದರೆ ತನ್ನಿ, ಅವ್ವ ಕೊಟ್ಟ ಆ ಪೊಟ್ಟಣವನ್ನೂ ಎಸೆಯದೆ ತನ್ನಿ, ಡಾಕ್ಟರಿಗೆ ತೋರಿಸೋಣ.